ಗೂಡಿನ ಸರದ ಒಂದು ಸುಳ್ಳು

ನನಗೆ ಐವತ್ತೊಂದು ತುಂಬಿದ ಮೇಲೆ ಮೊದಲ ಸಲ ಯಾರೋ ಬಂದು "ನಿಮ್ಮ ಸಾಧನೆ ಏನು?" ಎಂದು ಕೇಳಿದರು. ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಟ್ರೇ ತೊಳೆಯುತ್ತಿದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದೆ, ಮೈಯೆಲ್ಲ ಬ್ಲೀಚಿಂಗ್ ಪುಡಿಯ ವಾಸನೆ. ಕೇಳಿದವಳು ಕೊಳ್ಳೇಗಾಲದ ರೇಷ್ಮೆ ಬೆಳೆಗಾರರ ಸಂಘದಿಂದ ಬಂದ ಹುಡುಗಿ. ಮುಂದಿನ ತಿಂಗಳ ಸಭೆಯಲ್ಲಿ ನನಗೆ ಸನ್ಮಾನವಂತೆ, ಓದಿ ಹೇಳಲು ನಾಲ್ಕು ಸಾಲು ಬೇಕಂತೆ.

"ಸಾಧನೆ ಎಲ್ಲಿಂದ ತರಲವ್ವ? ಉಳ ಸಾಕ್ತೀನಿ, ಅಷ್ಟೆ" ಎಂದೆ.

ಜಗಲಿಯಲ್ಲಿ ಕೂತಿದ್ದ ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ನನ್ನನ್ನು ಹೊಗಳದ ಮನುಷ್ಯ ಆ ಹುಡುಗಿಗೆ ಕೂಗಿ ಹೇಳಿದರು: "ಬರ್ಕಳವ್ವ. ಇಪ್ಪತ್ತೆರಡು ವರ್ಷ. ಒಂದು ಬ್ಯಾಚೂ ಕೆಟ್ಟಿಲ್ಲ. ಬೇಕಾದ್ರೆ ಒಳಗೆ ಓಗಿ ಆ ಸರ ನೋಡು."

ಅವಳು ಬರೆದುಕೊಂಡಳು. ಒಳಗೆ ಹೋಗಿ ಸರವನ್ನೂ ನೋಡಿ ಬಂದಳು. "ಇದನ್ನ ಸ್ಟೇಜಿಗೆ ತನ್ನಿ ಮೇಡಂ, ಫೋಟೋಗೆ ತುಂಬಾ ಚೆನ್ನಾಗಿರುತ್ತೆ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಸ್ಥಿತಿ. ಅವಳಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ನಾನು ಮಾಡುವುದು ಚಾಕಿ ಕೆಲಸ, ಎಂದರೆ ರೈತರಿಗಾಗಿ ಮರಿ ಹುಳು ಸಾಕಿಕೊಡುವುದು. ನಮ್ಮೂರು ಯಳಂದೂರಿಗೂ ಮಾಂಬಳ್ಳಿಗೂ ನಡುವೆ ಇದೆ. ಮನೆಯ ಹಿಂದೆ ನಾಲೆ ನೀರಿನ ಹಿಪ್ಪುನೇರಳೆ ತೋಟ, ತೋಟದ ಪಕ್ಕದಲ್ಲಿ ಹುಳದ ಮನೆ. ಸಾಸಿವೆಗಿಂತ ಸಣ್ಣ ರೇಷ್ಮೆ ಮೊಟ್ಟೆ ತಂದು, ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ಟು, ಎಲ್ಲ ಒಂದೇ ಬೆಳಿಗ್ಗೆ ಒಡೆಯುವ ಹಾಗೆ ನೋಡಿಕೊಳ್ಳಬೇಕು. ಒಡೆದ ಮರಿಯನ್ನು ಕೋಳಿ ಗರಿಯಲ್ಲಿ ಟ್ರೇಗೆ ಇಳಿಸಿ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ ಬರುತ್ತದೆ. ಮೊದಲಿನ ಎರಡು ನನ್ನ ಮನೆಯಲ್ಲಿ, ಕೊನೆಯ ಎರಡು ರೈತರ ಮನೆಯಲ್ಲಿ. ಹತ್ತನೇ ದಿನಕ್ಕೆ ರೈತರು ಬಂದು ಹುಳು ತೆಗೆದುಕೊಂಡು ಹೋಗುತ್ತಾರೆ. ಗೂಡು ಚೆನ್ನಾಗಿ ಬಂದರೆ ಅದು ರೈತನ ಕೈಗುಣ. ನಾನು ಸಾಕಿದ ಹುಳು ಯಾವ ಮಗ್ಗಕ್ಕೆ ಹೋಯಿತು, ಯಾರ ಮದುವೆಯ ಸೀರೆಯಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇರುವುದು ಒಬ್ಬಳು ಮಗಳು, ಕೊಳ್ಳೇಗಾಲದಲ್ಲಿ ಸಂಸಾರ. ಅವಳಿಗೆ ರೇಷ್ಮೆ ಸೀರೆ ಬೇಕು, ಹುಳು ಕಂಡರೆ ಮೈ ಜುಂ ಎನ್ನುತ್ತದೆ.

ಹೀಗೆ ಎಲ್ಲವನ್ನೂ ಅರ್ಧಕ್ಕೆ ಕೈಬಿಡುವುದು ನನಗೆ ಶುರುವಿನಿಂದಲೂ ಸಂಕಟವೇ. ಅದಕ್ಕೇ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಬ್ಯಾಚಿನಲ್ಲೂ ಒಂದು ಹಿಡಿ ಹುಳುವನ್ನು ಬಿದಿರಿನ ತಟ್ಟೆಯೊಂದರಲ್ಲಿ ಉಳಿಸಿಕೊಂಡು, ಗೂಡು ಕಟ್ಟುವವರೆಗೆ ನಾನೇ ಸಾಕುತ್ತೇನೆ. ಅದಕ್ಕೆ ನೋಟದ ತಟ್ಟೆ ಎಂದು ಹೆಸರಿಟ್ಟಿದ್ದೇನೆ. ರೈತರ ಮನೆಯಲ್ಲಿ ಹುಳು ಹೇಗಿರಬಹುದು ಎಂದು ಅದನ್ನು ನೋಡಿದರೆ ತಿಳಿಯುತ್ತದೆ. ಆ ತಟ್ಟೆಯ ಗೂಡುಗಳಲ್ಲಿ ಒಂದನ್ನು ಬಿಸಿಲಿಗೆ ಒಣಗಿಸಿ ದಾರಕ್ಕೆ ಪೋಣಿಸುತ್ತೇನೆ. ಬ್ಯಾಚಿಗೆ ಒಂದು ಗೂಡು. ಹಳೆಯವು ಹಳದಿ, ಆಮೇಲಿನವು ಬಿಳಿ. ನಡುಮನೆಯ ಮೊಳೆಗೆ ನಾಲ್ಕು ಸುತ್ತು ಬರುವಷ್ಟು ಉದ್ದ ಸರ. ಅದೇ ನನ್ನ ಆಸ್ತಿ, ಅದೇ ನನ್ನ ಜಂಬ. ಹೊಸ ರೈತರು ಬಂದರೆ ಮೊದಲು ಅದನ್ನು ತೋರಿಸಿ ಆಮೇಲೆ ನೀರು ಕೊಡುತ್ತಿದ್ದೆ.

ಆ ಸರದಲ್ಲಿ ಒಂದು ಗೂಡು ಸುಳ್ಳು.

ಹದಿನೈದು ವರ್ಷದ ಹಿಂದಿನ ಮಾತು. ಆಗ ನನ್ನ ಹೆಸರು ಹನೂರು ದಾಟಿ ರಾಮಾಪುರದವರೆಗೆ ಹೋಗಿತ್ತು. "ಚಾಕಿ ಅಕ್ಕನ ಉಳ ಆದ್ರೆ ಕಣ್ಮುಚ್ಕೊಂಡು ತಕಬೋದು" ಎನ್ನುತ್ತಿದ್ದರು. ಹೊಗಳಿಕೆ ಕಿವಿಗೆ ಬಿದ್ದರೆ ಇಲ್ಲ ಎನ್ನುವ ಬಾಯಿ ಕಟ್ಟಿಹೋಗುತ್ತದೆ. ನನ್ನ ತೋಟದ ಸೊಪ್ಪು ಎಷ್ಟು ಹುಳುವಿಗೆ ಸಾಕು ಎಂದು ಗೊತ್ತಿದ್ದೂ, ಕೇಳಿದವರಿಗೆಲ್ಲ ಆಯ್ತು ಎಂದುಬಿಟ್ಟೆ. ಒಂಬತ್ತನೇ ದಿನ ಎಳೆ ಸೊಪ್ಪು ಮುಗಿಯಿತು. ಉಳಿದಿದ್ದು ಬದುವಿನ ಪಕ್ಕದ ಒಂದು ಸಾಲು ಮಾತ್ರ. ಬದುವಿನ ಆಚೆ ಪಕ್ಕದ ತೋಟದವರ ಟೊಮ್ಯಾಟೊ. ಎರಡು ದಿನದ ಹಿಂದೆ ಅವರು ಔಷಧಿ ಹೊಡೆದಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ, ಮೂಗಿಗೆ ಸೆರಗು ಹಿಡಿದು ಓಡಾಡಿದ್ದೆ. ಔಷಧಿಯ ಗಾಳಿ ಬಿದ್ದ ಸೊಪ್ಪನ್ನು ವಾರಗಟ್ಟಲೆ ಮುಟ್ಟಬಾರದು ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು.

ಎಲೆ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಎರಡು ನೀರಿನಲ್ಲಿ ತೊಳೆದೆ, ಬಟ್ಟೆಯ ಮೇಲೆ ಆರಿಸಿದೆ, ಹೆಚ್ಚಿ ಕೊನೆಯ ನಾಲ್ಕು ಟ್ರೇಗೆ ಹಾಕಿದೆ. ಹುಳು ತಿಂದವು. ಮಾರನೇ ದಿನ ರೈತರೆಲ್ಲ ಬಂದು ತಮ್ಮ ತಮ್ಮ ಹುಳು ಒಯ್ದರು. ರಾಮಾಪುರದ ಹತ್ತಿರದ ಹಳ್ಳಿಯ ಒಬ್ಬರು ಬಸ್ಸು ತಪ್ಪಿ ಕೊನೆಗೆ ಬಂದರು. ಕೊನೆಯ ನಾಲ್ಕು ಟ್ರೇ ಅವರ ಪಾಲಿಗೆ ಬಂತು. ನೋಟದ ತಟ್ಟೆಗೂ ಅದರಿಂದಲೇ ಒಂದು ಹಿಡಿ ತೆಗೆದೆ.

ನೋಟದ ತಟ್ಟೆಯ ಹುಳು ಮೂರನೇ ಜ್ವರಕ್ಕೆ ಕೂತವು. ಕೂತವು ಏಳಲಿಲ್ಲ. ಮೆತ್ತಗಾಗಿ, ಕಪ್ಪಾಗಿ, ಒಂದರ ಮೇಲೊಂದು ಬಿದ್ದವು. ಆ ಬ್ಯಾಚಿನಿಂದ ನನಗೆ ಒಂದು ಗೂಡೂ ಸಿಗಲಿಲ್ಲ.

ಆ ನಾಲ್ಕು ಟ್ರೇ ಒಯ್ದಿದ್ದವರ ಮನೆಗೆಂದು ಬೆಳಿಗ್ಗೆ ಎದ್ದವಳೇ ಬಸ್ಸು ಹತ್ತಿದೆ. ಹೇಳಿಬಿಡಬೇಕು ಎಂದೇ ಹೊರಟಿದ್ದೆ, ಇದು ಸತ್ಯ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಹನೂರು ದಾಟಿ ಆ ಮನೆ ಮುಟ್ಟುವಷ್ಟರಲ್ಲಿ ಅಲ್ಲಿಯ ಹುಳುವೂ ಸತ್ತು, ಅವರೇ ಕಾರಣ ಹುಡುಕಿ ಮುಗಿಸಿದ್ದರು. ಹುಳು ಒಯ್ದವರ ಹೆಂಡತಿ, ಆ ಮನೆಯ ಯಜಮಾನಿ, ನನ್ನನ್ನು ಕಂಡ ಕೂಡಲೇ ಕೈ ಹಿಡಿದುಕೊಂಡು ಅತ್ತರು. "ನಿನ್ನ ಉಳ ಚಿನ್ನದಂಗಿತ್ತು ಕಣವ್ವ. ನಮ್ಮನೆ ಸೊಸೆನೇ ಒರಗಾಗಿದ್ದಾಗ ಏಳದೆ ಒಳಕ್ಕೋಗವ್ಳೆ. ಮುಟ್ಟಿನ ಮೈಲಿ ಉಳ ಮುಟ್ಟವ್ಳೆ. ಇನ್ನೆಲ್ಲಿ ಉಳೀತದೆ?"

ಸೊಸೆ ಸೌದೆ ಒಟ್ಟಿಲಿನ ಪಕ್ಕ ನಿಂತಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹತ್ತೊಂಬತ್ತಿರಬಹುದು. ತಲೆ ಎತ್ತಿ ನನ್ನ ಕಡೆ ಒಂದು ಸಲ ನೋಡಿದಳು. ಹುಳುವಿನ ವಿಷಯದಲ್ಲಿ ಆ ಮನೆಗೆ ನನ್ನ ಮಾತು ವೇದ. ನಾನು ಇಲ್ಲ ಎಂದರೆ ಮುಗಿಯಿತು ಎಂದು ಅವಳಿಗೂ ಗೊತ್ತಿತ್ತು.

ಇಲ್ಲ ಎನ್ನಲು ಇಡೀ ಸೀಮೆಯಲ್ಲಿ ನನಗಿಂತ ತಕ್ಕವರು ಇರಲಿಲ್ಲ. ನನ್ನ ಹುಳದ ಮನೆಯಲ್ಲಿ ನಾನೊಬ್ಬಳೇ. ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂತರೆ ಹುಳುವಿನ ಹೊಟ್ಟೆ ಕೇಳುತ್ತದೆಯೇ? ಮೊದಲನೇ ಬ್ಯಾಚಿನಿಂದಲೂ ಆ ಮೂರೂ ದಿನ ಒಳಗೆ ಹೋಗಿದ್ದೇನೆ, ಇದೇ ಕೈಯಲ್ಲಿ ಸೊಪ್ಪು ಹಾಕಿದ್ದೇನೆ. ಆಗ ಬದುಕಿದ್ದ ನಮ್ಮತ್ತೆಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಒಂದು ಹುಳುವೂ ಅದರಿಂದ ಸತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಅಂದ ಮಾತು ಇದು: "ಉಳದ ಮನೆ ಅಂದ್ಮೇಲೆ ಮಡಿ ಬೇಕಲ್ವಾ ಕಣವ್ವ."

ಸುಮ್ಮನಿದ್ದಿದ್ದರೆ ಮೌನದ ಪಾಪ ಎನ್ನಬಹುದಿತ್ತು. ನಾನು ಸುಮ್ಮನಿರಲಿಲ್ಲ, ಬಾಯಿಬಿಟ್ಟು ಆಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ. ಆ ಹುಡುಗಿ ತಲೆ ತಗ್ಗಿಸಿಕೊಂಡು ಕೊಟ್ಟಿಗೆಯ ಕಡೆ ಹೋದಳು. ಯಜಮಾನಿ ನನಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟರು. ತಿಂದೆ. ನಾಚಿಕೆಗೆಟ್ಟವಳು, ರುಚಿಯಾಗಿದೆ ಎಂದೂ ಹೇಳಿದೆ.

ಮುಂದಿನ ಬ್ಯಾಚಿನ ನೋಟದ ತಟ್ಟೆಯಿಂದ ಎರಡು ಗೂಡು ತೆಗೆದು ಅಕ್ಕಪಕ್ಕ ಪೋಣಿಸಿದೆ. ಸರದಲ್ಲಿ ಜಾಗ ಖಾಲಿ ಉಳಿಯಲಿಲ್ಲ.

ಆ ಮನೆಯವರು ನನ್ನನ್ನು ಬಿಡಲೂ ಇಲ್ಲ. ಬಿಡಲು ಅವರಿಗೆ ಕಾರಣವೇನಿತ್ತು? ಪ್ರತಿ ಬೆಳೆಗೂ ಬಂದು ಹುಳು ಒಯ್ದರು. "ಈಗ ನನ್ನೆಂಡ್ತಿ ಬಾಗ್ಲು ದಾಟಲ್ಲ ಕಣಕ್ಕ, ಸೊಪ್ಪು ತಂದು ಒಸ್ಲಲ್ಲೆ ಇಟ್ಟೋಯ್ತಾಳೆ. ಬೆಳೆ ಚಂದಾಗಿ ಬತ್ತಾದೆ" ಎಂದು ಆ ಮನೆಯ ಮಗ ಪ್ರತಿಸಲವೂ ಹೇಳುತ್ತಿದ್ದ. ನಾನು ಚೆನ್ನಾಗಿ ಸಾಕಿ ಕೊಟ್ಟಷ್ಟೂ ಅವಳ ತಪ್ಪು ಗಟ್ಟಿಯಾಗುತ್ತಾ ಹೋಯಿತು. ಅವನು ಹೋದ ಮೇಲೆ ಒಂದೆರಡು ದಿನ ಊಟ ಸೇರುತ್ತಿರಲಿಲ್ಲ. ಮೂರನೇ ದಿನಕ್ಕೆ ಸೇರುತ್ತಿತ್ತು.

ಈಗ ಸನ್ಮಾನ ಬಂತು. ಸಂಘದ ಹುಡುಗಿ ಹೋದ ಮೇಲೆ ಗಂಡನಿಗೆ ಎಲ್ಲವನ್ನೂ ಹೇಳಿದೆ, ತಿಂಗಳಿನ ಮೂರು ದಿನದ ವಿಷಯವನ್ನೂ ಸೇರಿಸಿ. ಅವರು ಹಚ್ಚಲು ತೆಗೆದ ಬೀಡಿಯನ್ನು ಮತ್ತೆ ಕಟ್ಟಿಗೆ ಸೇರಿಸಿದರು. ಆಮೇಲೆ, "ಅದಿನೈದು ವರ್ಸ ಆಯ್ತು ಕಣೆ. ಅವ್ರೂ ಮರ್ತವ್ರೆ. ಶಾಲು ಆಕಿಸ್ಕೊಂಡು ಸುಮ್ನೆ ಬಾ" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮನಸ್ಸು ಹದಿನೈದು ವರ್ಷದಿಂದ ಹೇಳುತ್ತಿದ್ದುದೂ ಅದನ್ನೇ.

ಆದರೆ ಈ ವರ್ಷ ನನಗೆ ಮುಟ್ಟು ನಿಂತಿದೆ. ನಿಂತಾಗ ಹಗುರಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ನನಗೆ ಬೇರೆಯೇ ಅನ್ನಿಸಿತು. ಮುಟ್ಟಿನ ಕೈಯಿಂದ ಹುಳು ಸಾಯುವುದಿಲ್ಲ ಎನ್ನಲು ಇಷ್ಟು ವರ್ಷ ನನ್ನ ಕೈಯೇ ಸಾಕ್ಷಿಯಾಗಿತ್ತು. ಇನ್ನು ಸಾಕ್ಷಿ ಹೇಳುವ ಹೊತ್ತೂ ದಾಟಿಹೋದರೆ, ಹಿಂದೆ ಉಳಿಯುವುದು ಆ ಸರ ಮತ್ತು ಆ ಒಂದು ಮಾತು. ಜನ ಸರವನ್ನು ನೋಡುತ್ತಾರೆ. ಮಾತು ರಾಮಾಪುರದ ಹತ್ತಿರ ಒಂದು ಹೊಸಿಲಿನಲ್ಲಿ ಕೂತಿರುತ್ತದೆ.

ಮತ್ತೆ ಅದೇ ಬಸ್ಸು, ಅದೇ ದಾರಿ. ಹನೂರಿನಲ್ಲಿ ಇಳಿದು ವಾಪಸ್ ಬಸ್ಸು ಹತ್ತೋಣ ಎಂದು ಒಂದು ಸಲ ಮನಸ್ಸಾಯಿತು. ಕಾಲು ಏಳಲಿಲ್ಲ, ಅದರಿಂದ ಮುಂದಕ್ಕೆ ಹೋದೆ.

ಆ ಮನೆಯ ಯಜಮಾನಿಗೆ ಈಗ ಕೋಲು ಬಂದಿದೆ, ದನಿ ಮಾತ್ರ ಹಾಗೇ ಇದೆ. ಸೊಸೆ ಸೊಪ್ಪಿನ ಹೊರೆ ತಂದು ಹುಳದ ಮನೆಯ ಬಾಗಿಲಿನ ಹೊರಗೆ ಇಳಿಸುತ್ತಿದ್ದಳು. ಬಾಗಿಲಿಗೆ ಅಡ್ಡಲಾಗಿ ಸುಣ್ಣದ ಪುಡಿಯ ಗೆರೆ, ಕಾಲಿನ ಕೊಳೆ ಒಳಗೆ ಹೋಗಬಾರದೆಂದು ಎಲ್ಲರ ಮನೆಯಲ್ಲೂ ಹಾಕುವಂಥದ್ದು. ಅವಳ ಹೆಜ್ಜೆ ಆ ಗೆರೆಗೆ ಒಂದು ಗೇಣು ಈಚೆಗೆ ತಾನಾಗಿ ನಿಂತಿತು. ಅವಳ ಹಿಂದೆ ಹದಿಮೂರು ವರ್ಷದ ಮಗಳು, ಅವಳ ತಲೆಯ ಮೇಲೂ ಸಣ್ಣದೊಂದು ಹೊರೆ. ಅವಳೂ ಅಲ್ಲೇ ನಿಂತಳು.

ಕೂರಲು ಚಾಪೆ ಹಾಕಿದರು. ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ. ನಿಂತೇ ಹೇಳಿದೆ: ಔಷಧಿ ಬಿದ್ದ ಸಾಲು, ತೊಳೆದ ಸೊಪ್ಪು, ನಾಲ್ಕು ಟ್ರೇ, ನನ್ನ ತಟ್ಟೆಯಲ್ಲಿ ಸತ್ತ ಹುಳು. ನಾನು ತಿಂಗಳು ತಿಂಗಳೂ ಒಳಗೆ ಹೋಗುತ್ತಿದ್ದುದನ್ನೂ ಹೇಳಿದೆ. "ನಿನ್ನಿಂದ ಸಾಯ್ಲಿಲ್ಲ ಕಣವ್ವ. ನನ್ನಿಂದ ಸತ್ತಿದ್ದು. ಗೊತ್ತಿದ್ದೂ ನಿನ್ನ ಮೇಲೆ ಆಕ್ಬುಟ್ಟೆ" ಎಂದೆ.

ಮೊದಲು ಮಾತಾಡಿದವರು ಯಜಮಾನಿ. "ಇಷ್ಟು ವರ್ಸ ಎಲ್ಲೋಗಿದ್ದೆ? ಈಗ ನಿಂಗೆ ಶಾಲು ಆಕ್ತಾರಂತೆ, ನನ್ ಮಗ ಏಳ್ದ. ಅದಕ್ ಮುಂಚೆ ಪಾಪ ತೊಳ್ಕಂಡೋಗಕೆ ಬಂದ್ಯಾ?"

ಮುದುಕಿ ನೇರವಾಗಿ ಹೊಡೆದರು. ಹೌದು ಎಂದೆ.

ಸೊಸೆ ಸೊಪ್ಪಿನ ಹೊರೆಯ ಹಗ್ಗ ಬಿಚ್ಚುತ್ತಲೇ ಇದ್ದಳು. ಬಿಚ್ಚಿ, ಸುತ್ತಿ, ಗೋಡೆಗೆ ನೇತುಹಾಕಿ ಆಮೇಲೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಆವತ್ತು ಒಳಗೋಗಿದ್ದು ನಿಜ ಅಕ್ಕ" ಎಂದಳು. "ಅತ್ತೆ ಸುಳ್ಳು ಏಳಿಲ್ಲ. ನೀನೂ ಅಂಗೆ ಅಂದ್ಮೇಲೆ ನಾನೇ ಕೊಂದೆ ಅನ್ಕಂಡೆ. ಆ ಉಳ ಎಲ್ಲ ಕನಸ್ನಲ್ಲಿ ಬರವು. ಇವ್ಳು ದೊಡ್ಡವಳಾಗಿ ಮೂರು ತಿಂಗ್ಳಾಯ್ತು. ಇವ್ಳಿಗೂ ಏಳ್ಕೊಟ್ಟಿವ್ನಿ, ನಮ್ ಕೈ ಉಳಕ್ಕೆ ಆಗಲ್ಲ, ಗೆರೆ ದಾಟ್ಬೇಡ ಅಂತ."

ನಾನು ಹಿಡಿಯಷ್ಟು ಹುಳುವನ್ನೂ ಜೋಪಾನವಾಗಿ ದಾಟಿಸುವವಳು. ಈ ಮಾತನ್ನೂ ಎಷ್ಟು ಜೋಪಾನವಾಗಿ ದಾಟಿಸಿದ್ದೆ ಎಂದು ಆಗ ತಿಳಿಯಿತು. ನನ್ನಿಂದ ಅವಳಿಗೆ, ಅವಳಿಂದ ಆ ಮಗುವಿಗೆ. ಅಲ್ಲೇ ಚಾಪೆಯ ಮೇಲೆ ಕುಸಿದು ಕೂತು ಅತ್ತೆ. ಅವಳು ನೀರು ತಂದುಕೊಟ್ಟಳು.

ನೀರು ಕುಡಿದು ಮುಗಿಸಿದ ಮೇಲೆ ಕೇಳಿದಳು: "ಅಕ್ಕ, ಇದ್ನ ಆ ಸಭೇಲಿ ಮೈಕಲ್ಲಿ ಏಳ್ತೀಯಾ?"

ನಾನು ಖಾಲಿ ಲೋಟ ಕೆಳಗಿಟ್ಟೆ.

"ಇಲ್ಲಿ ಕೇಳಿದ್ದು ನಾವು ಮೂವರು. ನನ್ ಕತೆ ಸುತ್ತೇಳು ಊರಿಗೆ ಗೊತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಕೊಳ್ಳೇಗಾಲದ ಸಭೆಯ ದಿನ ಬೆಳಿಗ್ಗೆ ಸರವನ್ನು ಮೊಳೆಯಿಂದ ಇಳಿಸಿದೆ. ಆ ಸುಳ್ಳು ಗೂಡು ಯಾವುದೆಂದು ನನಗೆ ಹುಡುಕಬೇಕಾಗಿರಲಿಲ್ಲ. ಕತ್ತರಿಸಿ ತೆಗೆದು ಆ ಜಾಗದಲ್ಲಿ ಬರೀ ದಾರ ಬಿಟ್ಟು, ಎರಡೂ ಕಡೆ ಗಂಟು ಹಾಕಿದೆ. ಗಂಡ ನೋಡಿದರು. ಬಸ್ಸಿನಲ್ಲಿ ಸರವಿದ್ದ ಚೀಲವನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡರು.

ಸಂಘದ ಹುಡುಗಿ ನನ್ನ ನಾಲ್ಕು ಸಾಲು ಓದಿದಳು. ಇಪ್ಪತ್ತೆರಡು ವರ್ಷ, ಒಂದು ಬ್ಯಾಚೂ ಕೆಟ್ಟಿಲ್ಲ. ಚಪ್ಪಾಳೆ ಬಿತ್ತು. ಮೈಕು ಕೊಟ್ಟಾಗ ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. "ಒಂದು ಬ್ಯಾಚು ಕೆಟ್ಟದೆ" ಎಂದು ಶುರು ಮಾಡಿದೆ. ಸೊಪ್ಪಿನ ವಿಷಯ ಹೇಳುವವರೆಗೆ ಜನ ತಲೆ ಅಲ್ಲಾಡಿಸಿದರು. ಆಮೇಲೆ ಮುಟ್ಟಿನ ವಿಷಯಕ್ಕೆ ಬಂದೆ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ಮುಂದಿನ ಸಾಲಿನ ಒಬ್ಬ ಹಿರಿಯರು ಟವಲು ಕೊಡವಿಕೊಂಡು ಎದ್ದು ಹೋದರು. ಮೂರನೇ ಸಾಲಿನಲ್ಲಿ ಆ ಮನೆಯ ಮಗ, ಅವಳ ಗಂಡ, ತಲೆ ತಗ್ಗಿಸಿ ಕೂತಿದ್ದ. "ಆ ಹೆಣ್ಮಗಳು ಯಾವ ತಪ್ಪೂ ಮಾಡಿಲ್ಲ. ನಾನು ಸುಳ್ಳಾಡ್ದೆ" ಎಂದು ಅವನನ್ನೇ ನೋಡಿಕೊಂಡು ಹೇಳಿ ಮೈಕು ಕೆಳಗಿಟ್ಟೆ. ಶಾಲು ಹಿಡಿದು ನಿಂತಿದ್ದವರಿಗೆ ಹಾಕಬೇಕೋ ಬೇಡವೋ ತಿಳಿಯಲಿಲ್ಲ. ಪಾಪ, ಅತ್ತಿತ್ತ ನೋಡಿ ಕೊನೆಗೆ ಮಡಿಚಿ ನನ್ನ ಕೈಗೆ ಕೊಟ್ಟರು.

ಮುಂದಿನ ಬ್ಯಾಚಿಗೆ ಆರು ಜನ ರೈತರು ಬರಲಿಲ್ಲ. ಔಷಧಿ ಸೊಪ್ಪು ಹಾಕಿದ್ದಕ್ಕೋ, ಮುಟ್ಟಿನಲ್ಲಿ ಹುಳು ಮುಟ್ಟಿದ್ದಕ್ಕೋ, ನಾನು ವಿಚಾರಿಸಲಿಲ್ಲ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಉರಿಯಿತು. ಸುಳ್ಳಿನ ಸಹವಾಸ ಸಾಕು ಎಂದು ಇದನ್ನೂ ಹೇಳುತ್ತಿದ್ದೇನೆ.

ಹುಳು ಕೊಡುವ ದಿನ ಬೆಳಿಗ್ಗೆ, ಬಂದವರೆಲ್ಲ ಹೋದ ಮೇಲೆ, ಒಂದು ಆಟೊ ಬಂದು ನಿಂತಿತು. ಅದರಿಂದ ಇಳಿದವಳು ಆ ಮನೆಯ ಸೊಸೆ, ಜೊತೆಗೆ ಮಗಳು. ಹದಿನೈದು ವರ್ಷದಲ್ಲಿ ಆ ಮನೆಯ ಹೆಂಗಸು ನನ್ನ ಬಾಗಿಲಿಗೆ ಬಂದಿದ್ದು ಅದೇ ಮೊದಲು. ಹುಳದ ಮನೆಯ ಮುಂದೆ ಬಂದು ನನ್ನ ಸುಣ್ಣದ ಗೆರೆಯ ಈಚೆಗೆ ನಿಂತಳು.

"ಒಳಗೆ ಬಾರವ್ವ" ಎಂದೆ.

ಅವಳು ಕಾಲು ತೊಳೆದುಕೊಂಡಳು. ಒಂದು ನಿಮಿಷ ಬಾಗಿಲಿನ ಚೌಕಟ್ಟು ಹಿಡಿದು ನಿಂತು, ಗೆರೆ ದಾಟಿ ಬಂದಳು. ಮಗಳು ಬರಲಿಲ್ಲ. ತಾಯಿ ಹಿಂದಕ್ಕೆ ಹೋಗಿ ಅವಳ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. "ಇವ್ಳಿಗೆ ಇವತ್ತು ಎರಡನೇ ದಿನ ಅಕ್ಕ" ಎಂದಳು. ಹೇಳಿ, ನನ್ನ ಮುಖವನ್ನೇ ನೋಡಿದಳು. ಹದಿನೈದು ವರ್ಷದ ಹಿಂದೆ ಸೌದೆ ಒಟ್ಟಿಲಿನ ಪಕ್ಕದಿಂದ ನೋಡಿದ್ದ ಹಾಗೇ.

ನಾನು ಬಿದಿರಿನ ತಟ್ಟೆ ತೆಗೆದುಕೊಂಡೆ. ಅವರ ಪಾಲಿನ ಟ್ರೇಯಿಂದ ಒಂದು ಹಿಡಿ ಹುಳುವನ್ನು ಗರಿಯಲ್ಲಿ ಅದಕ್ಕೆ ಇಳಿಸಿ, ಬಾಗಿಲಿಗೆ ಹೋಗಿ, ಆ ಹುಡುಗಿಯ ಕೈಗೆ ಕೊಟ್ಟೆ. "ಈ ಸಲದ ನೋಟದ ತಟ್ಟೆ ನಿಂದು. ನಿನ್ ಕೈಲೇ ಮೇವು ಆಕ್ಬೇಕು, ಒಂದು ದಿನಾನೂ ಬಿಡಂಗಿಲ್ಲ. ಗೂಡು ಕಟ್ಟಿದ್ರೆ ನಂಗೊಂದು ಕಳ್ಸು" ಎಂದೆ. ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ಇಸ್ಕೊ ಎಂದಳು.

ಇಪ್ಪತ್ತು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ. ಮಳೆ ಬಂದರೆ ಆ ತಟ್ಟೆಯ ಯೋಚನೆ, ಬಿಸಿಲಾದರೂ ಅದೇ ಯೋಚನೆ. ಆ ಹುಳು ಏನಾದರೂ ಸತ್ತರೆ, ನಾನು ಮೈಕಿನಲ್ಲಿ ಆಡಿದ್ದೆಲ್ಲ ನೀರ ಮೇಲಿನ ಬರಹ, ಆ ಮಗು ಮತ್ತೆ ಗೆರೆಯ ಈಚೆಗೆ. ಗಂಡ ಬೈದರು, "ಅಜ್ಜಿ ಆಗೋಳು, ಮೊದಲ್ನೇ ಬ್ಯಾಚು ಮಾಡ್ದೋಳಂಗೆ ಆಡ್ತೀಯಲ್ಲ" ಎಂದರು.

ಇಪ್ಪತ್ತೊಂದನೇ ದಿನ ಕೊಳ್ಳೇಗಾಲದ ಮಾರುಕಟ್ಟೆಗೆ ಗೂಡು ತಂದ ಅವಳ ಗಂಡ, ಯಳಂದೂರಿನ ಕಡೆ ಬರುವವರ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದ. ಹಳೆಯ ನೋಟ್‌ಪುಸ್ತಕದ ಹಾಳೆಯಲ್ಲಿ ಸುತ್ತಿದ ಒಂದೇ ಒಂದು ಗೂಡು. ಬಿಳಿ, ಗಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಟಕಟಕ ಎನ್ನುತ್ತಿತ್ತು.

ಬಿಸಿಲಿಗೆ ಒಣಗಿಸಿದೆ. ಎರಡು ಗಂಟಿನ ನಡುವಿನ ಖಾಲಿ ದಾರಕ್ಕೆ ಅದನ್ನು ಕಟ್ಟು ಎಂದು ಗಂಡ ಹೇಳಿದರು. ಅಲ್ಲಿಗೆ ಕಟ್ಟಲಿಲ್ಲ, ಆ ಜಾಗ ಹಾಗೇ ಇರಲಿ. ಸರದ ಕೊನೆಗೆ ಪೋಣಿಸಿದೆ. ಈಗ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇನೆ. ಸರ ನೋಡಬೇಕು ಎಂದವರಿಗೆ ಖಾಲಿ ದಾರವನ್ನೂ ತೋರಿಸುತ್ತೇನೆ, ಆ ಕೊನೆಯ ಗೂಡನ್ನೂ ತೋರಿಸುತ್ತೇನೆ. ಇಷ್ಟು ಉದ್ದದ ಸರದಲ್ಲಿ ನಾನು ಕೊನೆಯವರೆಗೆ ಸಾಕದೆ ಇರುವುದು ಅದೊಂದೇ.